ಜೆರ್ಸಿಯ ಹೆಸರು, ಸಂಖ್ಯೆ: ಯಾವ ವಿಧಾನಕ್ಕೆ ಅಕ್ಷರಗಳ ನಡುವೆ ಎಷ್ಟು ಜಾಗ?

ಕಂಪ್ಯೂಟರ್ ಪರದೆಯಲ್ಲಿ ನೀಟಾಗಿದ್ದ ಹೆಸರು ಜೆರ್ಸಿಯ ಬೆನ್ನಿಗೆ ಬಂದಾಗ ಹಲ್ಲುದುರಿದ ಬಾಯಿಯಂತೆ ಕಾಣುವುದಕ್ಕೆ ಫಾಂಟ್ ಒಂದೇ ಕಾರಣವಲ್ಲ. ಅದೇ ಹೆಸರು, ಅದೇ ಫಾಂಟ್, ಅದೇ ಅಂತರ ಇದ್ದರೂ ವಿನೈಲ್‌ನಲ್ಲಿ (ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ, ಕಾವಿನಿಂದ) ಒತ್ತಿದರೆ ಒಂದು ಥರ, ಎಂಬ್ರಾಯ್ಡರಿ ಮಾಡಿಸಿದರೆ ಇನ್ನೊಂದು ಥರ ಬರುತ್ತದೆ. ಡಿಸೈನ್ ಪೂರ್ತಿ ಮುಗಿಸಿ, ಆಮೇಲೆ ಪ್ರಿಂಟಿಂಗ್ ವಿಧಾನ ಹುಡುಕುವವರು ಕೆಲಸವನ್ನು ತಿರುಗುಮುರುಗಾಗಿ ಮಾಡುತ್ತಿದ್ದಾರೆ. ಅಕ್ಷರ ಬಟ್ಟೆಗೆ ಹೇಗೆ ಕೂರುತ್ತದೆ ಎಂಬುದು ಗೊತ್ತಾದ ಮೇಲಷ್ಟೇ ನಡುವೆ ಎಷ್ಟು ಮಿಲಿಮೀಟರ್ ಬಿಡಬೇಕೆಂದು ಹೇಳಬಹುದು. ಈ ಬರಹದಲ್ಲಿರುವುದು ಆ ಆಯ್ಕೆಗಳ ಹೋಲಿಕೆ.

ಮೊದಲು ಲೆಕ್ಕ. ಇಡೀ ಹೆಸರಿನ ಅಕ್ಷರಗಳನ್ನು ಒಂದೇ ಪ್ರಮಾಣದಲ್ಲಿ ಹತ್ತಿರ ತರುವುದೋ ದೂರ ಸರಿಸುವುದೋ ಟ್ರ್ಯಾಕಿಂಗ್. ಯಾವುದೋ ಒಂದು ಜೋಡಿಯ ನಡುವಿನ ಜಾಗವನ್ನಷ್ಟೇ ಸರಿಮಾಡುವುದು ಕರ್ನಿಂಗ್. ಇಲಸ್ಟ್ರೇಟರ್ ಎಂಬ ಡಿಸೈನ್ ತಂತ್ರಾಂಶದಲ್ಲಿ ಇವೆರಡರ ಅಳತೆ ಮಿಲಿಮೀಟರಿನಲ್ಲಿ ಇರುವುದಿಲ್ಲ. ಫಾಂಟ್ ಗಾತ್ರದ ಸಾವಿರದಲ್ಲೊಂದು ಭಾಗವೇ ಅಲ್ಲಿ ಒಂದು ಘಟಕ. ಬಹುತೇಕ ಫಾಂಟ್‌ಗಳಲ್ಲಿ ದೊಡ್ಡಕ್ಷರದ ಎತ್ತರ ಫಾಂಟ್ ಗಾತ್ರದ ಶೇ. 70ರ ಆಸುಪಾಸು ಇರುತ್ತದೆ. ಹಾಗಾಗಿ 65 ಮಿಮೀ ಎತ್ತರದ ಅಕ್ಷರ ಬೇಕೆಂದರೆ ಫಾಂಟ್ ಗಾತ್ರ ಸುಮಾರು 93 ಮಿಮೀ. ಎರಡು ಅಕ್ಷರಗಳ ನಡುವೆ ಕರ್ಸರ್ ಇಟ್ಟು ಆಲ್ಟ್ ಜೊತೆ ಬಾಣದ ಕೀ ಒಮ್ಮೆ ಒತ್ತಿದರೆ, ಸೆಟ್ಟಿಂಗ್ ಮುಟ್ಟಿರದಿದ್ದರೆ, 20 ಘಟಕ ಸರಿಯುತ್ತದೆ. ಬಟ್ಟೆಯ ಮೇಲೆ ಅದು 1.9 ಮಿಮೀ, ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಹೆಜ್ಜೆ. ಪ್ರಿಫರೆನ್ಸಸ್‌ಗೆ ಹೋಗಿ 20 ಇದ್ದದ್ದನ್ನು 5 ಮಾಡಿಕೊಂಡರೆ ಒಂದೊಂದು ಒತ್ತಿಗೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಸರಿಯುತ್ತದೆ. ಕೋರೆಲ್ ಡ್ರಾ ಬಳಸುವವರು ಎಫ್10 ಒತ್ತಿ ಶೇಪ್ ಟೂಲ್ ತೆಗೆದರೆ ಪ್ರತಿ ಅಕ್ಷರದ ಬುಡದಲ್ಲೂ ಒಂದೊಂದು ಪುಟ್ಟ ಚೌಕ ಕಾಣಿಸುತ್ತದೆ. ಅದನ್ನು ಹಿಡಿದು ಎಳೆದರೆ ಆ ಅಕ್ಷರ ಮಾತ್ರ ಸರಿಯುತ್ತದೆ.

ತಂತ್ರಾಂಶಕ್ಕೆ ಬಿಡುವುದೋ, ಕೈಯಿಂದ ಸರಿಮಾಡುವುದೋ

ಇಲ್ಲಿ ಮೂರು ದಾರಿ ಇವೆ. ಆಟೋ ಇಟ್ಟರೆ ಫಾಂಟ್ ಮಾಡಿದವರು ಒಳಗೆ ಬರೆದಿಟ್ಟ ಜೋಡಿ ಅಳತೆಗಳು ಜಾರಿಗೆ ಬರುತ್ತವೆ. ಆಪ್ಟಿಕಲ್ ಇಟ್ಟರೆ ತಂತ್ರಾಂಶವೇ ಅಕ್ಷರದ ಆಕಾರ ನೋಡಿ ಅಂತರ ಅಂದಾಜು ಮಾಡುತ್ತದೆ. ಮೂರನೆಯದು ಒಂದೊಂದು ಜೋಡಿಯನ್ನೂ ಕಣ್ಣಳತೆಯಲ್ಲಿ ಸರಿಮಾಡುವುದು. ಪುಸ್ತಕದ ಪುಟಕ್ಕೆ ಮೊದಲ ದಾರಿ ಸಾಕು. ಜೆರ್ಸಿಗೆ ಸಾಲದು, ಯಾಕೆಂದರೆ ಕ್ರೀಡಾ ಫಾಂಟ್‌ಗಳಲ್ಲಿ, ಅದರಲ್ಲೂ ಉಚಿತವಾಗಿ ಸಿಗುವ ಚೌಕಾಕಾರದ ಬ್ಲಾಕ್ ಫಾಂಟ್‌ಗಳಲ್ಲಿ, ಜೋಡಿ ಅಳತೆಗಳನ್ನು ಬಹಳಷ್ಟು ಸಲ ಬರೆದೇ ಇರುವುದಿಲ್ಲ. ಆಗ ಆಟೋ ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಆಪ್ಟಿಕಲ್ ಸುಮಾರಾಗಿ ಕೆಲಸ ಮಾಡುತ್ತದೆ, ಆದರೆ ಮೂಲೆ ಕತ್ತರಿಸಿದಂಥ ಆಕಾರಗಳಲ್ಲೂ ದಪ್ಪ ಸೆರಿಫ್ (ಗೆರೆಯ ತುದಿಯಲ್ಲಿ ಚಾಚಿದ ಸಣ್ಣ ಪಾದ) ಇರುವ ಅಕ್ಷರಗಳಲ್ಲೂ ಎಡವುತ್ತದೆ. ನಮ್ಮ ಸಲಹೆ ಇಷ್ಟು: ಆಪ್ಟಿಕಲ್‌ನಿಂದ ಶುರುಮಾಡಿ, ಕೈಯಿಂದ ಮುಗಿಸಿ. ಒಂದು ತಂಡಕ್ಕೆ ಹದಿನೈದಿಪ್ಪತ್ತು ಹೆಸರು ಇರುತ್ತವಷ್ಟೇ. ಹೆಸರಿಗೆ ಎರಡು ನಿಮಿಷ ಹಿಡಿದರೂ ಒಂದು ಗಂಟೆಯೊಳಗೆ ಮುಗಿಯುವ ಕೆಲಸ.

ಕೈಯಿಂದ ಮಾಡುವಾಗ ಎಲ್ಲಿಂದ ಆರಂಭಿಸುವುದು? ಸೆರಿಫ್ ಇಲ್ಲದ 65 ಮಿಮೀ ಅಕ್ಷರಗಳಿಗೆ ಈ ಅಳತೆಗಳು ಬುನಾದಿಯಾಗಬಲ್ಲವು. ನೇರ ಕಂಬದ ಪಕ್ಕ ನೇರ ಕಂಬ ಬಂದರೆ, ಅಂದರೆ ಇಂಗ್ಲಿಷಿನ ಎಚ್–ಐ ಅಥವಾ ಎನ್–ಇ ಥರ, 9 ಮಿಮೀ. ನೇರದ ಪಕ್ಕ ದುಂಡು ಬಂದರೆ 7. ದುಂಡಿನ ಪಕ್ಕ ದುಂಡು, ಅಂದರೆ ಒ–ಸಿ ಥರ, 5ರಿಂದ 6. ಎ–ವಿ ಜೋಡಿಯಲ್ಲಿ ಅಂತರವೇ ಇರಬಾರದು: ಎ ಅಕ್ಷರದ ಕಾಲು ವಿ ಅಕ್ಷರದ ತೋಳಿನ ಕೆಳಗೆ 8–10 ಮಿಮೀ ನುಗ್ಗಿರಬೇಕು. ಎಲ್–ಟಿ ಜೋಡಿಯಲ್ಲೂ ಟಿ ಅಕ್ಷರದ ತೊಲೆ ಎಲ್ ಅಕ್ಷರದ ಪಾದದ ಮೇಲೆ 6–8 ಮಿಮೀ ಬರಬಹುದು. ಬೇರೆ ಎತ್ತರಕ್ಕೆ ಇದೇ ಅನುಪಾತದಲ್ಲಿ ಹೆಚ್ಚಿಸಿ, ಇಳಿಸಿ.

ಮುಚ್ಚಲಾಗದ ಗುಂಡಿಗಳೂ ಉಂಟು. ಎಲ್ ಆದಮೇಲೆ ಎ ಬಂದರೆ ಎರಡರ ಪಾದಗಳೂ ಕೆಳಗೆ ತಾಗುತ್ತವೆ, ಮೇಲೆ ಮಾತ್ರ ದೊಡ್ಡ ಖಾಲಿ ಉಳಿಯುತ್ತದೆ. ಎಷ್ಟೇ ಹತ್ತಿರ ತಂದರೂ ಅದು ಹೋಗುವುದಿಲ್ಲ. ಇಂಥ ಜೋಡಿ ಇರುವ ಹೆಸರಿನಲ್ಲಿ ಮೊದಲು ಅದನ್ನೇ ಹುಡುಕಿ, ಪಾದಗಳ ನಡುವೆ ಆ ವಿಧಾನಕ್ಕೆ ಬೇಕಾದ ಕನಿಷ್ಠ ಜಾಗ ಬಿಟ್ಟು ಕೂರಿಸಿ, ಉಳಿದ ಜೋಡಿಗಳನ್ನು ಅದಕ್ಕೆ ಹೊಂದುವಷ್ಟು ಸಡಿಲಿಸಿ. ಚೆನ್ನಾಗಿರುವ ಜೋಡಿಗಳನ್ನು ಬಿಗಿ ಮಾಡುತ್ತ ಹೋದಷ್ಟೂ ಆ ಗುಂಡಿ ಎದ್ದು ಕಾಣುತ್ತದೆ.

ಇನಿಷಿಯಲ್ ಇರುವ ಹೆಸರುಗಳಲ್ಲಿ ಚುಕ್ಕಿಯದೊಂದು ತಂಟೆ. ಟಿ, ವಿ, ಪಿ ಅಕ್ಷರಗಳ ನಂತರ ಬರುವ ಚುಕ್ಕಿ ದೂರದಲ್ಲಿ ಅನಾಥವಾಗಿ ನಿಂತಿರುತ್ತದೆ. ಅದನ್ನು ಅಕ್ಷರದ ತೋಳಿನ ಕೆಳಗೆ ತಳ್ಳಿ. ಪದಗಳ ನಡುವಿನ ಜಾಗಕ್ಕೆ ಐ ಅಕ್ಷರ ಮತ್ತು ಅದರ ಎರಡೂ ಬದಿಯ ಅಂತರ ಸೇರಿದಷ್ಟು ಸಾಕು. ಫಾಂಟ್ ಕೊಡುವ ಸ್ಪೇಸ್ ದೊಡ್ಡಕ್ಷರಗಳ ನಡುವೆ ಬಹಳಷ್ಟು ಸಲ ಅಗಲ ಅನಿಸುತ್ತದೆ. ಹೈಫನ್ ಸಣ್ಣಕ್ಷರಕ್ಕೆಂದು ಮಾಡಿದ್ದು, ಆದ್ದರಿಂದ ದೊಡ್ಡಕ್ಷರಗಳ ನಡುವೆ ಕೆಳಗಿಳಿದಂತೆ ಕಾಣುತ್ತದೆ. ಬೇಸ್‌ಲೈನ್ ಶಿಫ್ಟ್ ಬಳಸಿ ಅಕ್ಷರದ ನಡುಮಟ್ಟಕ್ಕೆ ಏರಿಸಿ.

ಕೂಡಿಸಿ ಬರೆಯುವ ಸ್ಕ್ರಿಪ್ಟ್ ಫಾಂಟ್‌ಗಳಿಗೆ ಇದ್ಯಾವುದೂ ಅನ್ವಯಿಸದು. ಅಲ್ಲಿ ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ಕೊಂಡಿ ಕಳಚುತ್ತದೆ. ಕತ್ತರಿಸಲು ಕಳಿಸುವ ಮೊದಲು ಇಲಸ್ಟ್ರೇಟರ್‌ನಲ್ಲಿ ಯುನೈಟ್, ಕೋರೆಲ್‌ನಲ್ಲಿ ವೆಲ್ಡ್ ಮಾಡಿ ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯದಿದ್ದರೆ ಕಟರ್ ಪ್ರತಿ ಕೊಂಡಿಯ ಮೇಲೂ ಅಡ್ಡಗೆರೆ ಕೊಯ್ಯುತ್ತದೆ.

ಉದ್ದದ ಹೆಸರು: ಯಾವುದನ್ನು ಬಲಿಕೊಡುವುದು

ವಯಸ್ಕರ ಜೆರ್ಸಿಯ ಬೆನ್ನಿನಲ್ಲಿ ಹೆಸರಿಗೆ 300 ಮಿಮೀ ಅಗಲ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅಕ್ಷರ ಸರಾಸರಿ 40 ಮಿಮೀ ಅಗಲ, ಅಂತರ 6 ಮಿಮೀ. ಆರು ಅಕ್ಷರದ ಹೆಸರು 270 ಮಿಮೀ ಆಗುತ್ತದೆ, ಆರಾಮ. ಹನ್ನೊಂದು ಅಕ್ಷರದ ಹೆಸರು 500 ಮಿಮೀ. ಎಲ್ಲರೂ ಮೊದಲು ಕೈಹಾಕುವುದು ಟ್ರ್ಯಾಕಿಂಗ್‌ಗೆ. ಅಂತರವನ್ನು 6ರಿಂದ 4ಕ್ಕೆ ಇಳಿಸಿದರೆ ಉಳಿಯುವುದು ಬರೀ 20 ಮಿಮೀ. ಹೆಸರು ಇನ್ನೂ 480 ಮಿಮೀ ಇದೆ, ಓದಲು ಮಾತ್ರ ಕಷ್ಟವಾಯಿತು. ಉದ್ದದ ಹೆಸರನ್ನು ಅಂತರ ಬಿಗಿದು ಕೂರಿಸುತ್ತೇನೆ ಎನ್ನುವುದು ನಷ್ಟದ ವ್ಯಾಪಾರ.

ಎರಡನೆಯ ಅಡ್ಡದಾರಿ ಹೆಸರನ್ನು ಅಡ್ಡಡ್ಡ ಹಿಸುಕುವುದು. ಶೇ. 60ಕ್ಕೆ ಹಿಸುಕಿದರೆ ನಿಂತ ಕಂಬಗಳು ಶೇ. 60 ದಪ್ಪಕ್ಕೆ ಇಳಿಯುತ್ತವೆ, ಅಡ್ಡ ತೊಲೆಗಳು ಮೊದಲಿನಷ್ಟೇ ದಪ್ಪ ಉಳಿಯುತ್ತವೆ, ಅಂತರವೂ ಕುಗ್ಗುತ್ತದೆ. ಪಕ್ಕದಲ್ಲಿ ನಿಂತ ಆಟಗಾರನ ಜೆರ್ಸಿಯ ಜೊತೆ ಹೋಲಿಸಿದರೆ ಬೇರೆ ತಂಡದ್ದೇನೋ ಅನ್ನಿಸುವಂತಾಗುತ್ತದೆ. ಇದರ ಬದಲು ಅದೇ ಕುಟುಂಬದ ಕಂಡೆನ್ಸ್ಡ್ ಫಾಂಟ್, ಅಂದರೆ ಕಿರಿದಾಗಿಯೇ ರೂಪಿಸಿದ ಫಾಂಟ್, ತೆಗೆದುಕೊಳ್ಳಿ. ಅಕ್ಷರದ ಅಗಲ 26, ಅಂತರ 4 ಆದರೆ ಹನ್ನೊಂದು ಅಕ್ಷರಕ್ಕೆ 326 ಮಿಮೀ. ಎತ್ತರವನ್ನು 65ರಿಂದ 60ಕ್ಕೆ ಇಳಿಸಿದರೆ 301. ಕೆಲಸ ಆಯಿತು. ಫಾಂಟ್ ಆರಿಸುವಾಗಲೇ ಪಟ್ಟಿಯಲ್ಲಿನ ಅತಿ ಉದ್ದದ ಹೆಸರನ್ನು ಮೊದಲು ಕೂರಿಸಿ ನೋಡಿ, ಆ ಅಗಲದ ಫಾಂಟನ್ನೇ ಇಡೀ ತಂಡಕ್ಕೆ ಬಳಸುವುದು ಇನ್ನೂ ಒಳ್ಳೆಯದು.

ಮೂರು ಅಕ್ಷರದ ಹೆಸರನ್ನು ಅಗಲ ತುಂಬಿಸಲೆಂದು ದೂರದೂರ ಹರಡಬೇಡಿ. ತಂಡದ ಎಲ್ಲ ಹೆಸರಿಗೂ ಒಂದೇ ಟ್ರ್ಯಾಕಿಂಗ್ ಇರಲಿ. ಸಣ್ಣ ಹೆಸರು ಸಣ್ಣದಾಗಿಯೇ ನಿಲ್ಲಲಿ.

ಪ್ರಿಂಟಿಂಗ್ ವಿಧಾನ ಅಂತರವನ್ನು ಏನು ಮಾಡುತ್ತದೆ

ಆಯ್ಕೆಯ ನಿಜವಾದ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಹೀಟ್ ಟ್ರಾನ್ಸ್‌ಫರ್ ವಿನೈಲ್‌ನಲ್ಲಿ ಎರಡು ಬಗೆ. ಇಡೀ ಹೆಸರನ್ನು ಒಂದೇ ಪಾರದರ್ಶಕ ಹಾಳೆಯ ಮೇಲೆ ಕತ್ತರಿಸಿದರೆ ಕಂಪ್ಯೂಟರಿನಲ್ಲಿಟ್ಟ ಅಂತರವೇ ಬಟ್ಟೆಗೂ ಬರುತ್ತದೆ. ಒಂದೊಂದೇ ಅಕ್ಷರ ಮೊದಲೇ ಕತ್ತರಿಸಿಟ್ಟು, ಬೇಕಾದಾಗ ಜೋಡಿಸುವುದು ಇನ್ನೊಂದು. ಕೊನೆ ಗಳಿಗೆಯಲ್ಲಿ ಆಟಗಾರ ಬದಲಾಗುವ ತಂಡಗಳಿಗೆ ಇದು ಅನುಕೂಲ. ಆದರೆ ಬಿಡಿ ಅಕ್ಷರದಲ್ಲಿ ಹಾಳೆಯ ಅಂಚೇ ಶತ್ರು. ಪ್ರತಿ ಅಕ್ಷರದ ಸುತ್ತಲೂ ಹಾಳೆ ಆಯತಾಕಾರದಲ್ಲಿ ಚಾಚಿಕೊಂಡಿರುತ್ತದೆ. ಎ–ವಿ ಜೋಡಿಯನ್ನು ಒಂದರೊಳಗೊಂದು ನುಗ್ಗಿಸಲು ಹೋದಾಗ ಒಂದರ ಹಾಳೆ ಇನ್ನೊಂದರ ಅಕ್ಷರದ ಅಡಿಗೆ ಸೇರಿದರೆ, ಆ ಅಂಚಿನಷ್ಟು ಜಾಗದಲ್ಲಿ ಅಂಟು ಬಟ್ಟೆಯನ್ನು ಮುಟ್ಟುವುದೇ ಇಲ್ಲ. ಕೆಲವು ಒಗೆತದ ನಂತರ ಕಾಲು ಎದ್ದು ಬರುವುದು ಸರಿಯಾಗಿ ಅಲ್ಲೇ. ಅಂಥ ಜೋಡಿಯಲ್ಲಿ ಹಾಳೆಯನ್ನು ಅಕ್ಷರದ ಓರೆಗೆ ಸಮಾನಾಂತರವಾಗಿ, 2–3 ಮಿಮೀ ಬಿಟ್ಟು, ಕತ್ತರಿಯಿಂದ ಕೊಯ್ದು ತೆಗೆಯಬೇಕು.

ಬಿಡಿ ಅಕ್ಷರಗಳನ್ನು ಎಡದಿಂದ ಬಲಕ್ಕೆ ಜೋಡಿಸುತ್ತ ಹೋದರೆ ತಪ್ಪುಗಳು ಕೂಡಿಕೊಂಡು ಹೆಸರು ಬಲಕ್ಕೆ ಜಾರುತ್ತದೆ. ಜೆರ್ಸಿಯನ್ನು ಉದ್ದಕ್ಕೆ ಮಡಚಿ ನಡುಗೆರೆ ಮೂಡಿಸಿ. ಹೆಸರಿನ ಒಟ್ಟು ಅಗಲ ಲೆಕ್ಕಹಾಕಿ ಅದರ ಅರ್ಧವನ್ನು ನಡುಗೆರೆಗೆ ತನ್ನಿ. ಏಳು ಅಕ್ಷರವಿದ್ದರೆ ನಾಲ್ಕನೆಯದೇ ನಡು ಎಂದುಕೊಳ್ಳಬೇಡಿ: ಒಂದು ಬದಿಯಲ್ಲಿ ಡಬ್ಲ್ಯು, ಇನ್ನೊಂದು ಬದಿಯಲ್ಲಿ ಐ ಇದ್ದರೆ ನಡು ಎಲ್ಲೋ ಇರುತ್ತದೆ. ಅಲ್ಲಿಂದ ಎರಡೂ ಕಡೆಗೆ ಜೋಡಿಸುತ್ತ ಹೋಗಿ. ಅಂತರಕ್ಕೆ 5, 7, 9 ಮಿಮೀ ಅಗಲದ ರಟ್ಟಿನ ಪಟ್ಟಿಗಳನ್ನು ಕತ್ತರಿಸಿಟ್ಟುಕೊಂಡರೆ ಸ್ಕೇಲ್ ಹಿಡಿಯುವ ಕೆಲಸವಿಲ್ಲ. ಒತ್ತುವ ಮೊದಲು ಪಟ್ಟಿ ತೆಗೆಯಲು ಮರೆಯಬೇಡಿ, ಅಷ್ಟೇ.

ವಿನೈಲ್‌ನ ಇನ್ನೊಂದು ಗುಣ ಮೈಮೇಲೆ ಹಾಕಿಕೊಂಡಾಗ ಗೊತ್ತಾಗುತ್ತದೆ. ಹೆಣೆದ ಪಾಲಿಯೆಸ್ಟರ್ ಬಟ್ಟೆ ಭುಜದ ಬಳಿ ಅಡ್ಡಕ್ಕೆ ಹಿಗ್ಗುತ್ತದೆ. ಅಕ್ಷರ ಅಂಟಿದ ಭಾಗ ಫಿಲ್ಮ್‌ನ ಬಿಗಿಯಿಂದ ಕಡಿಮೆ ಹಿಗ್ಗುತ್ತದೆ, ನಡುವಿನ ಖಾಲಿ ಬಟ್ಟೆ ಹೆಚ್ಚು ಹಿಗ್ಗುತ್ತದೆ. ಮೇಜಿನ ಮೇಲೆ 7 ಮಿಮೀ ಇದ್ದದ್ದು ಮೈಮೇಲೆ ಅದಕ್ಕಿಂತ ಹೆಚ್ಚಾಗುತ್ತದೆ. ಸಡಿಲ ಜೆರ್ಸಿಯಲ್ಲಿ ಇದು ಗಣನೆಗೆ ಬರುವಷ್ಟಲ್ಲ. ಮೈಗಂಟುವ ಬಟ್ಟೆಯಲ್ಲಿ ಎದ್ದು ಕಾಣುತ್ತದೆ, ಅಲ್ಲಿ ಅಂತರವನ್ನು ಒಂದೆರಡು ಮಿಲಿಮೀಟರ್ ಬಿಗಿ ಇಟ್ಟೇ ಶುರುಮಾಡಿ. ಇದರ ಉಲ್ಟಾ ತಪ್ಪು ಪ್ರೆಸ್ ಮೇಲೆ ಆಗುತ್ತದೆ. ಸುಕ್ಕು ಹೋಗಲೆಂದು ಜೆರ್ಸಿಯನ್ನು ಎಳೆದು ಹಾಸಿ ಒತ್ತಿದರೆ, ಬಿಟ್ಟ ಕೂಡಲೇ ಬಟ್ಟೆ ಕುಗ್ಗಿ ಅಂತರ ಕಿರಿದಾಗುತ್ತದೆ, ಅಕ್ಷರದ ಅಂಚು ನೆರಿಗೆ ಬೀಳುತ್ತದೆ. ಸುಕ್ಕು ತೆಗೆಯಲು ಎಳೆಯುವುದು ಬೇಡ. ಖಾಲಿ ಜೆರ್ಸಿಯನ್ನೇ ಕೆಲವು ಸೆಕೆಂಡು ಒಮ್ಮೆ ಒತ್ತಿ ತೆಗೆದರೆ ಸಾಕು.

ಸಬ್ಲಿಮೇಶನ್‌ನಲ್ಲಿ ಈ ರಗಳೆ ಇಲ್ಲ. ಕಾವಿಗೆ ಆವಿಯಾದ ಬಣ್ಣ ನೂಲಿನೊಳಗೇ ಇಳಿದಿರುವುದರಿಂದ ಅಕ್ಷರ, ಅಂತರ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬಟ್ಟೆ ಸ್ವಲ್ಪ ಕುಗ್ಗಿದರೂ ಹೆಸರಿನೊಳಗಿನ ಅನುಪಾತ ಕೆಡುವುದಿಲ್ಲ. ಇಲ್ಲಿ ಗಮನ ಬೇಕಿರುವುದು ಬಣ್ಣ ಅಂಚಿನಿಂದ ಕೊಂಚ ಹರಡುವುದಕ್ಕೆ. ಬಿಳಿ ಬಟ್ಟೆಯ ಮೇಲೆ ಕಪ್ಪು ಅಕ್ಷರವಾದರೆ ಅಕ್ಷರ ಉಬ್ಬಿ ಅಂತರ ಕಿರಿದಾಗುತ್ತದೆ. ಆದರೆ ಕಡುನೀಲಿ ಜೆರ್ಸಿಯ ಮೇಲಿನ ಬಿಳಿ ಹೆಸರನ್ನು ಯಾರೂ ಮುದ್ರಿಸಿರುವುದಿಲ್ಲ. ಬಣ್ಣ ಬೀಳದೆ ಉಳಿದ ಬಟ್ಟೆಯೇ ಆ ಅಕ್ಷರ. ಸುತ್ತಲಿನ ನೀಲಿ ಒಳಗೆ ಹರಡಿ ಅಕ್ಷರ ಸಣಕಲಾಗುತ್ತದೆ, ಅಂತರ ಅಗಲವಾಗುತ್ತದೆ. ಆದ್ದರಿಂದ ತಿಳಿ ಅಕ್ಷರಕ್ಕೆ ಒಂದು ಮಟ್ಟ ದಪ್ಪನೆಯ ಫಾಂಟ್ ಆರಿಸಿ, ಅಂತರವನ್ನು ಮುಟ್ಟಬೇಡಿ. ಒಂದೇ ತಂಡಕ್ಕೆ ಎರಡು ಬಣ್ಣದ ಕಿಟ್ ಇದ್ದರೆ ಎರಡಕ್ಕೂ ಒಂದೇ ಫೈಲ್ ಕಳಿಸುವುದು ಇದೇ ಕಾರಣಕ್ಕೆ ಸರಿಯಲ್ಲ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಅಂದರೆ ಜಾಲರಿಯ ಮೂಲಕ ಇಂಕ್ ಒತ್ತುವ ವಿಧಾನದಲ್ಲಿ, ಇಂಕ್ ಅಂಚು ದಾಟಿ ಹರಡುತ್ತದೆ. ಸ್ಕ್ವೀಜಿಗೆ (ಇಂಕ್ ಎಳೆಯುವ ರಬ್ಬರ್ ಪಟ್ಟಿಗೆ) ಒತ್ತಡ ಹೆಚ್ಚಾದಷ್ಟೂ, ಮೆಶ್ (ಜಾಲರಿ) ಒರಟಾದಷ್ಟೂ ಇದು ಜಾಸ್ತಿ. ಬಿಳಿ ಬಣ್ಣ ಎರಡು ಪದರ ಬಿದ್ದರಂತೂ ಖಂಡಿತ. ಸ್ಕ್ರೀನ್ ತಯಾರಿಸುವ ಫಿಲ್ಮ್‌ನಲ್ಲಿ ಅಂತರ 1.5 ಮಿಮೀಗಿಂತ ಕಡಿಮೆ ಇರಕೂಡದು. ಎಲ್ಲರಿಗೂ ಒಂದೇ ಲೋಗೊ, ಒಂದೇ ತಂಡದ ಹೆಸರು ಇದ್ದರೆ ಸ್ಕ್ರೀನ್ ಚೆಂದ. ಆಟಗಾರರ ಹೆಸರಿಗೆ ತಲೆಗೊಂದು ಸ್ಕ್ರೀನ್ ಮಾಡುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಡಿಟಿಎಫ್‌ನಲ್ಲಿ (ಡೈರೆಕ್ಟ್ ಟು ಫಿಲ್ಮ್: ಫಿಲ್ಮ್ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವ ವಿಧಾನ) ಇಡೀ ಹೆಸರು ಒಂದೇ ಫಿಲ್ಮ್‌ನಲ್ಲಿ ಬರುವುದರಿಂದ ಅಂತರ ಕದಲುವುದಿಲ್ಲ. ಆದರೆ ಇಂಕಿನ ಮೇಲೆ ಉದುರಿಸುವ ಅಂಟಿನ ಪುಡಿ ಕಿರಿದಾದ ಸಂದಿಯಲ್ಲಿ ಕೂತರೆ ಒತ್ತಿದ ಮೇಲೆ ಅಕ್ಷರಗಳ ನಡುವೆ ಮಸುಕು ಕಲೆಯಾಗಿ ಉಳಿಯುತ್ತದೆ, ಕಡುಬಣ್ಣದ ಬಟ್ಟೆಯಲ್ಲಿ ಇನ್ನೂ ಸ್ಪಷ್ಟ. ಒಂದು ಮಿಲಿಮೀಟರಿಗಿಂತ ಕಿರಿದಾದ ಸಂದಿ ಇಲ್ಲಿ ಬೇಡ.

ಎಂಬ್ರಾಯ್ಡರಿಯ ವರ್ತನೆ ಎಲ್ಲಕ್ಕಿಂತ ವಿಚಿತ್ರ. ಸ್ಯಾಟಿನ್ ಹೊಲಿಗೆಯಲ್ಲಿ, ಅಂದರೆ ಪಟ್ಟಿಯ ಒಂದಂಚಿನಿಂದ ಇನ್ನೊಂದಂಚಿಗೆ ಒತ್ತೊತ್ತಾಗಿ ಹಾಕುವ ಹೊಲಿಗೆಯಲ್ಲಿ, ದಾರ ಬಟ್ಟೆಯನ್ನು ತನ್ನ ದಿಕ್ಕಿನಲ್ಲಿ ಒಳಕ್ಕೆ ಎಳೆಯುತ್ತದೆ. ಅದಕ್ಕೆ ಅಡ್ಡ ದಿಕ್ಕಿನಲ್ಲಿ, ಪಟ್ಟಿಯ ತುದಿಗಳಲ್ಲಿ, ಹೊರಕ್ಕೆ ತಳ್ಳುತ್ತದೆ. ಇದನ್ನು ಅಕ್ಷರಕ್ಕೆ ಅನ್ವಯಿಸಿ ನೋಡಿ. ಎಚ್ ಅಕ್ಷರದ ನಿಂತ ಕಂಬದಲ್ಲಿ ದಾರ ಅಡ್ಡಕ್ಕೆ ಓಡುವುದರಿಂದ ಕಂಬ ಸಣ್ಣಗಾಗಿ ಪಕ್ಕದ ಅಂತರ ಅಗಲವಾಗುತ್ತದೆ. ಎಲ್ ಅಕ್ಷರದ ಪಾದದಲ್ಲಿ, ಇ ಅಕ್ಷರದ ತೋಳುಗಳಲ್ಲಿ ದಾರ ಮೇಲೆ ಕೆಳಗೆ ಓಡುವುದರಿಂದ ಅವು ಬಲಕ್ಕೆ ಉದ್ದವಾಗಿ ಅಂತರವನ್ನು ತಿನ್ನುತ್ತವೆ. ಒಂದೇ ಹೆಸರಿನಲ್ಲಿ ಒಂದು ಸಂದಿ ತೆರೆದುಕೊಂಡರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ತಂತ್ರಾಂಶದಲ್ಲಿ ಪುಲ್ ಕಾಂಪೆನ್ಸೇಶನ್ (ದಾರದ ಎಳೆತಕ್ಕೆ ಮೊದಲೇ ಕೊಡುವ ಹೆಚ್ಚುವರಿ ಅಗಲ) 0.2ರಿಂದ 0.4 ಮಿಮೀ ಇಟ್ಟರೆ ಕಂಬ ಸರಿಹೋಗುತ್ತದೆ. ಪಾದದ ತುದಿಯನ್ನು ಕೈಯಿಂದಲೇ ಗಿಡ್ಡ ಮಾಡಬೇಕು, ಇಲ್ಲವೇ ಎಲ್, ಇ, ಎಫ್, ಟಿ ಅಕ್ಷರಗಳ ಬಲಕ್ಕೆ ತುಸು ಹೆಚ್ಚು ಜಾಗ ಬಿಡಬೇಕು. ಎದೆಯ ಮೇಲಿನ 15–25 ಮಿಮೀ ಎತ್ತರದ ಅಕ್ಷರಕ್ಕೆ ಕನಿಷ್ಠ ಅಂತರ 1.5 ಮಿಮೀ ಎಂದಿಟ್ಟುಕೊಳ್ಳಿ. ಬೆನ್ನ ಮೇಲಿನ ದೊಡ್ಡ ಹೆಸರಿಗೆ ನೇರ ಎಂಬ್ರಾಯ್ಡರಿ ಬೇಡವೇ ಬೇಡ. ತೆಳು ಬಟ್ಟೆಯ ಮೇಲೆ ಅದು ರಟ್ಟಿನಂತೆ ನಿಲ್ಲುತ್ತದೆ. ಹೊಲಿಗೆಯೇ ಬೇಕೆಂದರೆ ಟ್ವಿಲ್ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಅಂಚಿಗಷ್ಟೇ ಹೊಲಿಸಿ. ಅಲ್ಲಿ ಅಂಚಿನ ಹೊಲಿಗೆಗೂ ಜಾಗ ಬೇಕಿರುವುದರಿಂದ ಅಂತರ 4 ಮಿಮೀಗಿಂತ ಕೆಳಗಿಳಿಸಬೇಡಿ.

ಔಟ್‌ಲೈನ್: ಸೇರಿಸುವುದೋ, ಬಿಡಿಸುವುದೋ

ಎರಡು ಬಣ್ಣದ ಹೆಸರಿನಲ್ಲಿ ಅಂತರ ಕೆಡುವುದು ಬಹುಪಾಲು ಇಲ್ಲಿಯೇ. ಅಕ್ಷರಗಳ ನಡುವೆ 8 ಮಿಮೀ ಇಟ್ಟು, ಸುತ್ತ 3 ಮಿಮೀ ಔಟ್‌ಲೈನ್ (ಇನ್ನೊಂದು ಬಣ್ಣದ ಅಂಚು) ಹಾಕಿದರೆ ಎರಡೂ ಕಡೆಯಿಂದ 3 ಮಿಮೀ ಹೋಗಿ ಉಳಿಯುವುದು 2 ಮಿಮೀ. ದುಂಡು ಜೋಡಿಯಲ್ಲಿ 5 ಮಿಮೀ ಇತ್ತಲ್ಲ, ಅಲ್ಲಿ ಔಟ್‌ಲೈನ್‌ಗಳು ಒಂದರ ಮೇಲೊಂದು ಏರಿರುತ್ತವೆ. ಕೆಲವು ಅಂಟಿಕೊಂಡು, ಕೆಲವು ಬಿಟ್ಟುಕೊಂಡಿರುವ ಈ ಅರೆಬರೆ ಸ್ಥಿತಿ ನೋಡಲು ತೀರಾ ಕೆಟ್ಟದು.

ಒಂದೋ ಎಲ್ಲ ಔಟ್‌ಲೈನ್‌ಗಳನ್ನೂ ಸೇರಿಸಿ: ಒಳಗಿನ ಅಂತರ ಎಲ್ಲಿಯೂ 4–5 ಮಿಮೀ ಮೀರದಂತೆ ಮಾಡಿ ಯುನೈಟ್ ಮಾಡಿದರೆ ಹೆಸರಿನ ಹಿಂದೆ ಒಂದೇ ಅಖಂಡ ಪಟ್ಟಿ ಬರುತ್ತದೆ. ವಿನೈಲ್‌ನಲ್ಲಿ ಇದು ಒಂದೇ ತುಂಡು, ಕೂರಿಸಲು ಸುಲಭ, ಅಂತರ ಅದರಲ್ಲೇ ಬಂಧಿ. ದೂರದಿಂದಲೂ ಗಟ್ಟಿಯಾಗಿ ಕಾಣುತ್ತದೆ. ಆದರೆ ಭುಜದಿಂದ ಭುಜಕ್ಕೆ ಗಾಳಿಯಾಡದ ಪಟ್ಟಿ ಆಗುತ್ತದೆ, ಹಿಗ್ಗುವ ಬಟ್ಟೆಯ ಮೇಲೆ ಅದು ಬಿರಿಯುವ ಸಾಧ್ಯತೆ ಹೆಚ್ಚು. ಇನ್ನೊಂದೋ ಎಲ್ಲವನ್ನೂ ಬಿಡಿಸಿ: ಔಟ್‌ಲೈನ್‌ಗಳ ನಡುವೆ ಕನಿಷ್ಠ 3 ಮಿಮೀ ಉಳಿಯುವಂತೆ ಒಳಗಿನ ಅಂತರವನ್ನು 9ಕ್ಕೆ ಏರಿಸಿ. ಹತ್ತು ಅಕ್ಷರಕ್ಕಿಂತ ಉದ್ದದ ಹೆಸರಿಗೆ ಈ ದಾರಿ ಹಿಡಿಯದು. ಸಬ್ಲಿಮೇಶನ್ ಆದರೆ ಸೇರಿಸಿ, ವಿನೈಲ್ ಆದರೆ ಬಿಡಿಸಿ ಎಂಬುದು ನಮ್ಮ ಒಲವು.

ಯಾವುದೇ ಇರಲಿ, ಕರ್ನಿಂಗ್ ಮಾಡುವಾಗ ಔಟ್‌ಲೈನ್ ಕಣ್ಣಮುಂದಿರಲಿ. ತೀರಾ ಹೊರಗಿನ ಪದರವೇ ನಿಮ್ಮ ಅಕ್ಷರ. ಇಲಸ್ಟ್ರೇಟರ್‌ನಲ್ಲಿ 6 ಮಿಮೀ ಸ್ಟ್ರೋಕ್ ಹಾಕಿದರೆ ಅದರ ಅರ್ಧ ಮಾತ್ರ ಹೊರಗಿರುತ್ತದೆ ಎಂಬುದೂ ನೆನಪಿರಲಿ.

ನೇರವೋ, ಕಮಾನೋ

ಕಮಾನಿನ ಹೆಸರು ಸಂಖ್ಯೆಯ ಮೇಲೆ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ಅಕ್ಷರಗಳು ಬೀಸಣಿಗೆಯ ಹಾಗೆ ತಿರುಗುವ ಕಮಾನಿನಲ್ಲಿ ಅಂತರ ಒಂದೇ ಆಗಿ ಉಳಿಯುವುದಿಲ್ಲ. 300 ಮಿಮೀ ತ್ರಿಜ್ಯದ ಕಮಾನಿನ ಮೇಲೆ 65 ಮಿಮೀ ಅಕ್ಷರ, 40 ಮಿಮೀ ಅಗಲ, ಬುಡದಲ್ಲಿ 6 ಮಿಮೀ ಅಂತರ ಇಟ್ಟರೆ ತಲೆಯಲ್ಲಿ ಅದು ಸುಮಾರು 16 ಮಿಮೀ ಆಗುತ್ತದೆ. ತ್ರಿಜ್ಯವನ್ನು 600ಕ್ಕೆ ಏರಿಸಿದರೆ ತಲೆಯಲ್ಲಿ 11. ಹಾಗಾಗಿ ಕಮಾನು ಬಾಗಿದಷ್ಟೂ ಬುಡವನ್ನು ಬಿಗಿ ಮಾಡಬೇಕು. 300ರ ತ್ರಿಜ್ಯಕ್ಕೆ ಬುಡದಲ್ಲಿ 3 ಮಿಮೀ ಸಾಕು. ವಿ, ವೈ, ಟಿ ಅಕ್ಷರಗಳ ತೋಳು ಮೇಲಿರುವುದರಿಂದ ಅವು ಈ ಖಾಲಿಯನ್ನು ತುಂಬುತ್ತವೆ, ಎ ಮತ್ತು ಎಲ್ ಅದನ್ನು ಇನ್ನೂ ದೊಡ್ಡದು ಮಾಡುತ್ತವೆ.

ಕೆಳಕ್ಕೆ ಬಾಗಿದ, ನಗುವಿನಾಕಾರದ ಹೆಸರಿನಲ್ಲಿ ಲೆಕ್ಕ ಉಲ್ಟಾ. ಅದೇ 300 ಮಿಮೀ, ಅದೇ 6 ಮಿಮೀ ಇಟ್ಟರೆ ತಲೆಯಲ್ಲಿ ಅಕ್ಷರಗಳು 4 ಮಿಮೀಯಷ್ಟು ಒಂದರ ಮೇಲೊಂದು ಹತ್ತುತ್ತವೆ. ಅಲ್ಲಿ ಬುಡದಲ್ಲಿ 14–15 ಮಿಮೀ ಬೇಕಾಗುತ್ತದೆ, ಹೆಸರು ಅಗಲವಾಗುತ್ತದೆ.

ಅಕ್ಷರ ನೆಟ್ಟಗೆ ನಿಂತೇ ಮೇಲಂಚು, ಕೆಳಂಚು ಮಾತ್ರ ಬಾಗುವ ಕಮಾನು ಮೂರನೆಯ ಆಯ್ಕೆ. ಕಂಬಗಳು ಸಮಾನಾಂತರವಾಗಿಯೇ ಉಳಿಯುವುದರಿಂದ ನೇರ ಸಾಲಿನ ಕರ್ನಿಂಗ್ ಹಾಗೆಯೇ ನಡೆಯುತ್ತದೆ. ಬ್ಲಾಕ್ ಅಕ್ಷರಕ್ಕೆ ಇದೇ ಒಳ್ಳೆಯದು. ಬಿಡಿ ಅಕ್ಷರದ ಸ್ಟಾಕಿನಿಂದ ಇದನ್ನು ಮಾಡಲಾಗದು, ಏಕೆಂದರೆ ಸ್ಥಾನ ಬದಲಾದಂತೆ ಪ್ರತಿ ಅಕ್ಷರದ ಆಕಾರವೇ ಬದಲಾಗುತ್ತದೆ.

ಎದೆಯ ಮೇಲೆ ಗುಂಡಿ ಪಟ್ಟಿಯೋ ಜಿಪ್ಪೋ ಇರುವ ಅಂಗಿಯಲ್ಲಿ ಪಟ್ಟಿಯ ಸೀಳು ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂದು ಮೊದಲೇ ನೋಡಿ. ಒಂದೆರಡು ಮಿಲಿಮೀಟರ್ ಆಚೀಚೆ ಮಾಡಿ ಸೀಳನ್ನು ಎರಡು ಅಕ್ಷರಗಳ ಸಂದಿಗೆ ತರಲಾದರೆ ತನ್ನಿ.

ಸಂಖ್ಯೆ: ಒಂದರದೇ ಸಮಸ್ಯೆ

ಫುಟ್‌ಬಾಲ್‌ನಲ್ಲಿ ಫಿಫಾ ನಿಯಮದಂತೆ ಬೆನ್ನಿನ ಸಂಖ್ಯೆ 25ರಿಂದ 35 ಸೆಂಮೀ ಎತ್ತರ ಇರಬೇಕು. ವಾಲಿಬಾಲ್‌ನಲ್ಲಿ ಎಫ್‌ಐವಿಬಿ (ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟ) ನಿಯಮ ಎದೆಯ ಮೇಲೆ ಕನಿಷ್ಠ 15 ಸೆಂಮೀ, ಬೆನ್ನ ಮೇಲೆ ಕನಿಷ್ಠ 20 ಸೆಂಮೀ ಎತ್ತರ ಕೇಳುತ್ತದೆ, ಅಂಕಿಯ ಗೆರೆಯ ದಪ್ಪ ಕನಿಷ್ಠ 2 ಸೆಂಮೀ. ಇಷ್ಟು ದೊಡ್ಡ ಗಾತ್ರದಲ್ಲಿ ಅಂತರದ ತಪ್ಪು ಮೈದಾನದ ಆಚೆ ಬದಿಗೂ ಕಾಣುತ್ತದೆ.

ಹಲವು ಫಾಂಟ್‌ಗಳಲ್ಲಿ ಎಲ್ಲ ಅಂಕಿಗಳಿಗೂ ಒಂದೇ ಅಗಲದ ಮನೆ ಇರುತ್ತದೆ, ಲೆಕ್ಕದ ಪಟ್ಟಿಗಳಲ್ಲಿ ಸಾಲು ಸರಿಹೊಂದಲೆಂದು. ಜೆರ್ಸಿಗೆ ಇದು ಮಾರಕ. 250 ಮಿಮೀ ಎತ್ತರದಲ್ಲಿ ಅಂಕಿಯ ಅಗಲ 130 ಮಿಮೀ, ನಡುವೆ 30 ಮಿಮೀ ಎಂದಿಟ್ಟುಕೊಳ್ಳಿ. 50 ಮಿಮೀ ಅಗಲದ 1ನ್ನು ಅದೇ ಮನೆಯ ನಡುವೆ ಕೂರಿಸಿದರೆ 11ರಲ್ಲಿ ಎರಡು ಒಂದರ ನಡುವೆ 110 ಮಿಮೀ ಬಯಲು. ಓಪನ್‌ಟೈಪ್ ಪ್ಯಾನೆಲ್‌ನಲ್ಲಿ ಪ್ರೊಪೋರ್ಷನಲ್ ಅಂಕಿಗಳನ್ನು, ಅಂದರೆ ತಂತಮ್ಮ ಅಗಲಕ್ಕೆ ತಕ್ಕ ಮನೆ ಇರುವ ಅಂಕಿಗಳನ್ನು, ಆರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಅದಿಲ್ಲದ ಫಾಂಟ್‌ನಲ್ಲಿ ಕೈಯಿಂದ ಸರಿಸಿ. ಹಾಗೆಂದು 11ನ್ನು ತೀರಾ ಹತ್ತಿರ ತಂದರೆ ದೂರದಿಂದ ಬರೀ ಎರಡು ಪಟ್ಟೆಗಳಂತೆ ಕಾಣುತ್ತದೆ. ನೇರ ಕಂಬಗಳ ಜೋಡಿಯಾದ್ದರಿಂದ ಅಲ್ಲಿ ಪೂರ್ತಿ 30 ಮಿಮೀ, ಬೇಕಿದ್ದರೆ ಐದು ಹೆಚ್ಚೇ ಇರಲಿ. 80, 69ರಂಥ ದುಂಡು ಜೋಡಿಗೆ 22–25 ಮಿಮೀ ಸಾಕು. 74ರಲ್ಲಿ ಎರಡು ಓರೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಅಲ್ಲಿ 10 ಮಿಮೀಗೂ ಇಳಿಯಬಹುದು. 47ರಲ್ಲಿ ಹಾಗೆ ಮಾಡಲಾಗದು.

ಬಿಡಿ ಅಂಕಿ ಅಂಟಿಸುವವರು 25 ಮಿಮೀಯ ಒಂದೇ ರಟ್ಟಿನ ಪಟ್ಟಿ ಇಟ್ಟುಕೊಂಡರೆ ಅವಸರದ ಕೆಲಸಕ್ಕೆ ಅಡ್ಡಿಯಿಲ್ಲ. 1, 4, 7 ಬಂದಾಗ ಮಾತ್ರ ಪಟ್ಟಿ ಬದಿಗಿಟ್ಟು ಕಣ್ಣಿನಿಂದ ನೋಡಿ.

ಕನ್ನಡದಲ್ಲಿ ಹೆಸರು ಹಾಕಿಸುವಾಗ

ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ದೀರ್ಘ, ಒತ್ತು, ಗುಣಿತದ ಚಿಹ್ನೆಗಳು ಬಿಡಿಬಿಡಿ ತುಂಡುಗಳಾಗಿರುತ್ತವೆ. ಅಲ್ಲಿ ಟ್ರ್ಯಾಕಿಂಗ್ ಕೊಟ್ಟರೆ ಒತ್ತಕ್ಷರ ತನ್ನ ತಾಯಿ ಅಕ್ಷರದಿಂದ ದೂರ ಸರಿಯುತ್ತದೆ. ಯೂನಿಕೋಡ್ ಫಾಂಟ್ ಬಳಸಿ. ಇಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಚಾಲೂ ಮಾಡಿ. ಆಮೇಲೂ ದೀರ್ಘದ ಚಿಹ್ನೆ ಪ್ರತ್ಯೇಕ ಸರಿಯಬಹುದು. ಟ್ರ್ಯಾಕಿಂಗ್ ಸೊನ್ನೆಯಲ್ಲಿಟ್ಟು, ಔಟ್‌ಲೈನ್‌ಗೆ ಬದಲಿಸಿ (ಇಲ್ಲಿ ಔಟ್‌ಲೈನ್ ಎಂದರೆ ಬಣ್ಣದ ಅಂಚಲ್ಲ, ಟೈಪ್ ಮಾಡಿದ ಅಕ್ಷರವನ್ನು ಬರೀ ಆಕಾರವಾಗಿ ಮಾಡುವುದು), ಒಂದೊಂದು ಅಕ್ಷರವನ್ನು ಅದರ ಒತ್ತು, ದೀರ್ಘದ ಸಮೇತ ಗುಂಪು ಮಾಡಿ, ಗುಂಪನ್ನೇ ಸರಿಸುವುದು ಖಾತ್ರಿ ದಾರಿ.

ಹೆಸರಿಗೂ ಕೆಳಗಿನ ಸಂಖ್ಯೆಗೂ ನಡುವಿನ ಜಾಗವನ್ನು ಒತ್ತಿನ ತುದಿಯಿಂದ ಅಳೆಯಿರಿ. ಒಂದು ಹೆಸರಿನಲ್ಲಿ ಒತ್ತು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ತಂಡದ ಎಲ್ಲ ಜೆರ್ಸಿಗೂ ಅದೇ ಅಳತೆ ಇರಲಿ. ಮೇಲಕ್ಕೆ ಬಾಗಿದ ಕಮಾನಿನಲ್ಲಿ ಸಾಲಿನ ಕೆಳಗಿನ ಭಾಗ ಕಿಕ್ಕಿರಿಯುವುದರಿಂದ ಅಕ್ಕಪಕ್ಕದ ಒತ್ತುಗಳು ಢಿಕ್ಕಿ ಹೊಡೆಯುತ್ತವೆ. ಒತ್ತು ಹೆಚ್ಚಿರುವ ಹೆಸರಿಗೆ ನೇರ ಸಾಲೇ ಸರಿ. ಮಹಾಪ್ರಾಣದ ಹೊಟ್ಟೆ ಸೀಳನ್ನೂ ಪರೀಕ್ಷಿಸಿ. ದಪ್ಪ ಫಾಂಟ್‌ನಲ್ಲಿ ಆ ಸೀಳು ಒಂದೆರಡು ಮಿಲಿಮೀಟರ್ ಮಾತ್ರ. ಇಂಕ್ ಹರಡಿಯೋ ದಾರ ತುಂಬಿಯೋ ಅದು ಮುಚ್ಚಿದರೆ ಧ ಹೋಗಿ ದ ಆಗುತ್ತದೆ, ಭ ಹೋಗಿ ಬ. ಅಕ್ಷರಗಳ ನಡುವೆ ಬಿಡುವ ಕನಿಷ್ಠ ಅಂತರವನ್ನೇ ಈ ಸೀಳಿಗೂ ಕೊಡಿ.

ಒತ್ತುವ ಮೊದಲು

ನಿಜ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಜೆರ್ಸಿಗೆ ಅಂಟಿಸಿ, ಯಾರಿಗಾದರೂ ತೊಡಿಸಿ 10–15 ಮೀಟರ್ ದೂರದಿಂದ ನೋಡಿ. ಮೇಜಿನ ಮೇಲೆ ನೋಡುವಾಗ ಕಾಗದವನ್ನು ತಲೆಕೆಳಗು ಮಾಡಿ: ಹೆಸರು ಓದಲಾಗದೆ ಬರೀ ಆಕಾರ, ಖಾಲಿ ಜಾಗ ಕಾಣುತ್ತದೆ. ಎರಡು ಕಾಗದದ ತುಂಡುಗಳಿಂದ ಮೂರು ಅಕ್ಷರ ಬಿಟ್ಟು ಉಳಿದದ್ದನ್ನು ಮುಚ್ಚಿ, ನಡುವಿನ ಅಕ್ಷರ ಎರಡೂ ಕಡೆಗೆ ಸಮನಾಗಿ ನಿಂತಿದೆಯೇ ನೋಡುತ್ತ ಒಂದೊಂದೇ ಅಕ್ಷರ ಮುಂದೆ ಸರಿಯಿರಿ.

ಮಕ್ಕಳ ಗಾತ್ರಕ್ಕೆ ಫೈಲನ್ನು ಕುಗ್ಗಿಸುವಾಗ ಅಂತರವೂ ಕುಗ್ಗುತ್ತದೆ. 65ರಿಂದ 45 ಮಿಮೀಗೆ ಇಳಿಸಿದರೆ 2 ಮಿಮೀ ಇದ್ದ ಸಂದಿ 1.4 ಆಗುತ್ತದೆ, ಸ್ಕ್ರೀನ್‌ನ ಕನಿಷ್ಠ ಮಿತಿಗಿಂತ ಕೆಳಗೆ.

ಪ್ರಿಂಟಿಂಗ್‌ಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ. ಆ ಕಡೆ ನಿಮ್ಮ ಫಾಂಟ್ ಇಲ್ಲದೆ ಬೇರೊಂದು ಬಂದು ಕೂತರೆ ಮಾಡಿದ ಕರ್ನಿಂಗ್ ಅಷ್ಟೂ ಹೋಯಿತು. ತಿದ್ದಬಹುದಾದ ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಅದರ ಜೊತೆ ಫಾಂಟ್ ಹೆಸರು, ಅಕ್ಷರದ ಎತ್ತರ, ಟ್ರ್ಯಾಕಿಂಗ್ ಮೌಲ್ಯ, ಕಮಾನಿನ ತ್ರಿಜ್ಯ, ಔಟ್‌ಲೈನ್ ದಪ್ಪ, ಕಾಲರ್ ಹೊಲಿಗೆಯಿಂದ ಹೆಸರಿಗೆ ಎಷ್ಟು ಸೆಂಮೀ ಎಂಬುದನ್ನು ಬರೆದಿಡಿ. ಋತುವಿನ ನಡುವೆ ಹೊಸ ಆಟಗಾರ ಬಂದಾಗಲೋ ಜೆರ್ಸಿ ಹರಿದಾಗಲೋ ಒಂದೇ ಒಂದು ಹೆಸರು ಮಾಡಿಸಬೇಕಾಗುತ್ತದೆ. ಆಗ ಹಳೆಯ ಜೆರ್ಸಿಯ ಫೋಟೊ ನೋಡಿ ಅಂದಾಜು ಮಾಡುವುದಕ್ಕಿಂತ ಈ ಆರು ಸಾಲು ಕೈಗೆ ಬರುತ್ತವೆ.